26 ಮರಕ್ಕೂ ಒಂದೇ ದಿನ ವಯಸ್ಸಾಗುತ್ತದಾ?

ಪ್ರಶ್ನೆ: ನಮ್ಮದು ಶಿವಮೊಗ್ಗದ ಹಳೇ ಬಡಾವಣೆ. ಈಗ ರಸ್ತೆ ಅಗಲ ಮಾಡಿ, ಹೊಸ ಚರಂಡಿ, ಫುಟ್‌ಪಾತ್ ಮಾಡುತ್ತಾರಂತೆ. ಬೀದಿಯ 26 ಮರಕ್ಕೂ ನಂಬರ್ ಬರೆದು ಹೋಗಿದ್ದಾರೆ. ಗುಲ್‌ಮೊಹರ್, ಮಳೆಮರ, ಹೊಂಗೆ ಎಲ್ಲ ಇವೆ. “ವಯಸ್ಸಾಗಿದೆ, ಬೀಳುತ್ತವೆ, ಒಂದಕ್ಕೆ ಎರಡು ಸಸಿ ನೆಡುತ್ತೇವೆ” ಅನ್ನುತ್ತಾರೆ. ಹೋದ ಮಳೆಗಾಲ ಒಂದು ಗುಲ್‌ಮೊಹರ್ ಬಿದ್ದು ನಮ್ಮ ಕಾಂಪೌಂಡ್ ಒಡೆದದ್ದೂ ನಿಜ. ಬೀದಿಯಲ್ಲಿ ಎರಡು ಪಾರ್ಟಿ ಆಗಿದೆ. ಯಾರ ಕಡೆ ನಿಲ್ಲಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಬಿದ್ದ ಮರದ ಕತೆ ಹೇಳಿ. ಅದಕ್ಕೂ ಒಂದೆರಡು ವರ್ಷ ಮೊದಲು ಪೈಪಿಗೋ ಕೇಬಲ್ಲಿಗೋ ಅಂತ ಅದರ ಪಕ್ಕದಲ್ಲೇ ಜೆಸಿಬಿ ಓಡಿತ್ತಾ? ಮರ ನೀರು ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತವೆ. ಒಂದು ಬದಿ ಕಡಿದರೂ ಮರ ಹಸಿರಾಗಿಯೇ ನಿಂತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ಆಮೇಲೆ ಯಾವುದೋ ವರ್ಷ ಆರಿದ್ರಾ ಮಳೆಗೆ ಮಣ್ಣು ನೆನೆದು ಆಷಾಢದ ಗಾಳಿಯೂ ಸೇರಿದಾಗ ಬುಡಸಮೇತ ಮಲಗುತ್ತದೆ. ಬೈಗುಳ ಮಾತ್ರ ಮರದ ವಯಸ್ಸಿಗೆ.

ಹಾಗಂತ ಗುಲ್‌ಮೊಹರ್ ಪರ ನಾನು ವಾದ ಮಾಡುವುದಿಲ್ಲ ಮಾರಾಯ್ರೆ. ಮಡಗಾಸ್ಕರ್‌ನಿಂದ ಬಂದ ಮರ, ಹೂವೇನೋ ಚೆಂದ, ಆದರೆ ಕೊಂಬೆ ಲಟಕ್ಕನೆ ಮುರಿಯುತ್ತದೆ. ಹೊಂಗೆ ಹಾಗಲ್ಲ, ಗಟ್ಟಿ ಜೀವ. ಎರಡಕ್ಕೂ ಒಂದೇ ತೀರ್ಪು ಯಾಕೆ? ಒಂದೊಂದೇ ಮರ ನೋಡಿ. ಬುಡದಲ್ಲಿ ಅಣಬೆ ಎದ್ದಿದೆಯಾ, ಮರದ ಕೊಡತಿಯಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದಾ, ಒಂದು ಬದಿ ಮಣ್ಣು ಬಿರಿದು ಮೇಲೆದ್ದಿದೆಯಾ, ಹೊಸದಾಗಿ ವಾಲಿದೆಯಾ? ಅಂಥದ್ದು ಹೋಗಲಿ, ಅಳಬೇಡಿ. ಬರೀ ಒಣಕೊಂಬೆ ಇದ್ದರೆ ಕೊಂಬೆ ಸವರಿದರೆ ಸಾಕು.

ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ (ಈ ಕೆಲಸಕ್ಕೆ ನೇಮಿಸಿದ ಅರಣ್ಯ ಇಲಾಖೆ ಅಧಿಕಾರಿ) ಅನುಮತಿ ಬೇಕು, ರಸ್ತೆ ಕೆಲಸವಾದರೂ ಅಷ್ಟೇ. 50ಕ್ಕಿಂತ ಜಾಸ್ತಿ ಮರವಾದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ನಿಮ್ಮದು 26. ಹಾಗಾಗಿ ಪೇಪರಿನಲ್ಲಿ ಬರಲಿ ಅಂತ ಕಾಯಬೇಡಿ, ನೀವೇ ಅವರ ಕಚೇರಿಗೆ ಹೋಗಿ ಅನುಮತಿ ಆದೇಶದ ಪ್ರತಿ ಕೇಳಿ, ಪ್ರತಿ ಮರಕ್ಕೂ ಬೇರೆ ಬೇರೆ ಕಾರಣ ಬರೆದಿದ್ದಾರಾ ನೋಡಿ, ಇಲ್ಲದಿದ್ದರೆ ಲಿಖಿತವಾಗಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಇನ್ನು ಆ “ಒಂದಕ್ಕೆ ಎರಡು”. ಸಸಿ ಎಷ್ಟು ಅನ್ನುವುದಕ್ಕಿಂತ ಅದಕ್ಕೆ ಮಣ್ಣು ಎಷ್ಟು ಬಿಡುತ್ತಾರೆ ಅಂತ ಕೇಳಿ. ಬುಡದ ಸುತ್ತ ಒಂದು ಮೀಟರ್ ಜಾಗ ಕಾಂಕ್ರೀಟ್ ಇಲ್ಲದೆ ಇರಬೇಕು ಅಂತ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳಿಗೆ ಹೇಳಿತ್ತು, ನಮ್ಮೂರ ಮರದ ಬೇರಿಗೂ ಉಸಿರು ಬೇಕಲ್ವಾ? ಟೈಲ್ಸ್ ನಡುವೆ ಒಂದಡಿ ತೂತಿನಲ್ಲಿ ನೆಟ್ಟ ಸಸಿ ಫೋಟೋಗೆ ಅಷ್ಟೇ. ಆಳೆತ್ತರದ ಸಸಿ, ಮೂರಡಿ ಗುಂಡಿ, ದನ ಬಾಯಿ ಹಾಕದಂತೆ ಬೇಲಿ, ಎರಡು ಮೂರು ಬೇಸಿಗೆ ನೀರು. ಇದೆಲ್ಲ ಟೆಂಡರಿನಲ್ಲಿ ಇದೆಯಾ? ಕರೆಂಟ್ ತಂತಿ ಕೆಳಗೆ ಸೀತಾಅಶೋಕ ಆಗುತ್ತದೆ, ತಂತಿ ಇಲ್ಲದ ಬದಿಗೆ ಹೊಳೆದಾಸವಾಳ, ಹೊಂಗೆ. ನೇರಳೆ ನನಗಿಷ್ಟ, ಆದರೆ ಹಣ್ಣಿನ ಕಾಲಕ್ಕೆ ಬೈಕ್ ಜಾರಿದವರು ನನ್ನನ್ನೇ ಬಯ್ಯುತ್ತಾರೆ. ಘಟ್ಟದ ಕಾಡಿನ ಮರವೆಲ್ಲ ಇಲ್ಲಿ ಒಗ್ಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮಳೆ, ಶಿವಮೊಗ್ಗ ಪೇಟೆಗೆ ಅದರ ಕಾಲುಭಾಗವೂ ಇಲ್ಲ.

ಎರಡೂ ಪಾರ್ಟಿಯವರನ್ನು ಒಂದು ಭಾನುವಾರ ಕರೆದುಕೊಂಡು ಬೀದಿ ಸುತ್ತಿ. ಕೆಟ್ಟ ಮರ ಈ ವರ್ಷ ತೆಗೆಯಲಿ, ಆ ಜಾಗದಲ್ಲಿ ಸಸಿ ಎದ್ದ ಮೇಲೆ ಮುಂದಿನವು. ಚರಂಡಿಯನ್ನು ಎರಡಡಿ ಆಚೆ ತಿರುಗಿಸಿದರೆ ಉಳಿಯುವ ಮರ ಯಾವುದು ಅಂತ ಎಂಜಿನಿಯರ್ ಜೊತೆ ನಿಂತು ಗುರುತು ಮಾಡಿಸಿ.

ಪ್ರಶ್ನೆ: ಕಡಿಯುವ ಬದಲು ದೊಡ್ಡ ಮರ ಕಿತ್ತು ಬೇರೆ ಕಡೆ ನೆಡಬಹುದಾ?
– ಸಾಗರದಿಂದ

ಉತ್ತರ: ಅರಳಿ, ಆಲ, ಅತ್ತಿ ಆದರೆ ಧೈರ್ಯ ಮಾಡಬಹುದು, ಚಿಗುರುತ್ತವೆ. ವಯಸ್ಸಾದ ಮಾವು, ಹಲಸಿಗೆ ಸುಮ್ನೆ ಕ್ರೇನ್ ಬಾಡಿಗೆ ಕೊಡಬೇಡಿ.