ಒಬ್ರು ಸಿಬಿಟಿ (ಯೋಚನೆ, ನಡವಳಿಕೆ ಬದಲಿಸುವ ಥೆರಪಿ) ಅಂತಾರೆ, ಇನ್ನೊಬ್ರು ಎಲ್ಲ ಪದ್ಧತಿ ಸೇರಿಸಿ ಮಾಡ್ತೇನೆ ಅಂತಾರೆ, ಉಡುಪಿಯಲ್ಲಿ ಯಾವ ಥೆರಪಿಸ್ಟ್ ಹತ್ರ ಹೋಗುದು?

ನಾನು ಮಂಗಳೂರಲ್ಲಿ ಇದೇ ಕೆಲಸ ಮಾಡುವವಳು, ಹಾಗಾಗಿ ನೇರ ಹೇಳ್ತೇನೆ, ಪದ್ಧತಿಯ ಹೆಸರು ನೋಡಿ ಡಿಸೈಡ್ ಮಾಡ್ಬೇಡಿ ಮಾರಾಯ್ರೆ.

ಯಾವುದೂ ಶುದ್ಧ ಅಲ್ಲ. ಸಿಬಿಟಿ ಶುರು ಮಾಡಿದ ಆರನ್ ಬೆಕ್ ಮೊದ್ಲು ಕಲಿತದ್ದೇ ಫ್ರಾಯ್ಡ್ ದಾರಿಯ ಸೈಕೋಅನಾಲಿಸಿಸ್, ಅಂದ್ರೆ ಮನಸ್ಸಿನ ಒಳಗೆ ಅಡಗಿದ್ದನ್ನು ಹುಡುಕುವ ಪದ್ಧತಿ, ಡಿಪ್ರೆಶನ್ ಇದ್ದವರ ಕನಸು ಸ್ಟಡಿ ಮಾಡ್ಲಿಕ್ಕೆ ಹೋಗಿ ಆ ಥಿಯರಿ ಸರಿ ಕೂರುದಿಲ್ಲ ಅಂತ ಕಂಡು 1960ರ ದಶಕದಲ್ಲಿ ಬೇರೆ ದಾರಿ ಹಿಡಿದ್ರು. ಸಿಬಿಟಿಯ ಹಾಗಿನದ್ದೇ ಥೆರಪಿ ಮಾಡಿದ ಆಲ್ಬರ್ಟ್ ಎಲ್ಲಿಸ್ ಗ್ರೀಕ್ ತತ್ವಜ್ಞಾನಿ ಎಪಿಕ್ಟೆಟಸ್‌ನಿಂದ ತಗೊಂಡ್ರು, ಡಿಬಿಟಿ (ಜೋರು ಭಾವನೆ ಸಂಭಾಳಿಸ್ಲಿಕ್ಕೆ ಕಲಿಸುವ ಥೆರಪಿ) ಮಾಡಿದ ಮಾರ್ಷಾ ಲಿನೆಹಾನ್ ಬೌದ್ಧರ ಝೆನ್ ಧ್ಯಾನದಿಂದ. ಸೇರಿಸುದು ತಪ್ಪಲ್ಲ, ಆದ್ರೆ ಯಾವುದು ಯಾಕೆ ಅಂತ ಕೇಳಿದ್ರೆ ಹೇಳ್ಲಿಕ್ಕೆ ಬರದಿದ್ರೆ ಅವರ ಹತ್ರ ಪ್ಲಾನೇ ಇಲ್ಲ ಅಂತ.

ಕೆಲವಕ್ಕೆ ಮಾತ್ರ ಪದ್ಧತಿ ಮುಖ್ಯವೇ. ಒಸಿಡಿ ತಗೊಳ್ಳಿ, ಅಂದ್ರೆ ಒಂದೇ ಹೆದರಿಕೆ ಕಾಡಿ ಅದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕಾಯಿಲೆ, ಕೊಳೆ ಅಂತ ಹೆದರುವ ವಸ್ತು ಮುಟ್ಟಿಸಿ, ಕೈ ತೊಳೆಯದೆ ಆ ಹೆದರಿಕೆಯ ಜೊತೆಗೇ ಕೂರುದನ್ನು ಅಭ್ಯಾಸ ಮಾಡಿಸುದು, 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಬರೆದದ್ದು ಈಗಲೂ ನಡೀತದೆ, ಬರೀ ಬಾಲ್ಯದ ಕತೆ ಮಾತಾಡಿ ಅದು ಹೋಗುದು ಕಷ್ಟ. ನಮ್ಮ ಕಡೆ ಇದರಲ್ಲಿ ಇನ್ನೊಂದು ಪಂಚಾತಿಕೆ ಉಂಟು. ಮಡಿ ಜೋರಿರುವ ಮನೆಯಲ್ಲಿ ಸೊಸೆ ಮತ್ತೆ ಮತ್ತೆ ಸ್ನಾನ ಮಾಡಿದ್ರೂ ಅವಳಿಗೆ ಭಾರಿ ಮಡಿ ಅಂತ ಹೊಗಳ್ತಾರೆ, ವರ್ಷಗಟ್ಟಲೆ ಯಾರಿಗೂ ಡೌಟೇ ಬರುದಿಲ್ಲ. ವ್ಯತ್ಯಾಸ ಎಂತ ಅಂದ್ರೆ ಅತ್ತೆ ಸ್ನಾನ ಮುಗಿಸಿ ಆರಾಮಲ್ಲಿ ಅಡುಗೆಮನೆಗೆ ಹೋಗ್ತಾರೆ, ಸೊಸೆಗೆ ಮುಗೀತು ಅಂತ ಅನಿಸುದೇ ಇಲ್ಲ. ಪುಸ್ತಕ ಮಾತ್ರ ಓದಿದವರು ಅತ್ತೆಗೂ ಒಸಿಡಿ ಅಂತ ಬರೆದುಬಿಡ್ತಾರೆ.

ಇನ್ನು ಕಾರ್ಲ್ ರೋಜರ್ಸ್ ಕಡೆಯವರು, ಸಲಹೆ ಕೊಡದೆ ಕೇಳಿಸಿಕೊಳ್ಳುವವರು. ಇಲ್ಲಿನವರಿಗೆ ಅದು ಕಿರಿಕಿರಿ, ದುಡ್ಡು ಕೊಟ್ಟು ಬಂದ್ರೆ ಅವ್ರು ಎಂತದೂ ಹೇಳುದೇ ಇಲ್ವಲ್ಲ ಅಂತಾರೆ. ಭಾರತದಲ್ಲಿ ಗುರು ಚೇಲಾ ಸಂಬಂಧದ ಹಾಗಿನ ಥೆರಪಿ ಹೊಂದ್ತದೆ ಅಂತ ಮನೋವೈದ್ಯ ಜೆ. ಎಸ್. ನೇಕಿ 1973ರಲ್ಲೇ ಬರೆದಿದ್ರು. ನಾನಂತೂ ಶುರುವಿಗೆ ಸ್ವಲ್ಪ ದಾರಿ ತೋರಿಸ್ತೇನೆ, ಆಮೇಲೆ ಕಡಿಮೆ ಮಾಡ್ತೇನೆ. ದೈವದ ಹತ್ರ ಕೇಳಿ ಬಂದೆ ಅಂದ್ರೆ ನಗುವವರಾದ್ರೆ ಎದ್ದು ಬನ್ನಿ.

ಫೋನಲ್ಲೇ ಕೇಳಿ, ನನ್ನ ಸಮಸ್ಯೆಗೆ ಎಂತ ಮಾಡ್ತೀರಿ, ಸರಿ ಆಗ್ತಾ ಉಂಟಾ ಅಂತ ಹೇಗೆ ನೋಡ್ತೀರಿ ಅಂತ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಇದ್ರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನಂಬರ್ ಕೇಳಿ. ತುಳುವಲ್ಲಿ ಮಾತಾಡ್ಬಹುದಾ ಅಂತಲೂ ಕೇಳಿಬಿಡಿ, ಸಿಟ್ಟು ಹೇಳುವಾಗ ಬೇಕಾಗ್ತದೆ.