ತೊಡೆಮೂಳೆಗೆ ಪ್ಲೇಟು ಹಾಕಿದ ಮೇಲೆ ಕಾಲೂರುವುದು ಯಾವಾಗ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಮೂರು ತಿಂಗಳ ಹಿಂದೆ ಕಬ್ಬು ತುಂಬುವಾಗ ಟ್ರ್ಯಾಕ್ಟರ್ ಮೇಲಿಂದ ಜಾರಿಬಿದ್ದು ಬಲ ತೊಡೆಯ ಮೂಳೆ ಮಂಡಿಗಿಂತ ತುಸು ಮೇಲೆ ಮುರಿಯಿತು. ಮೈಸೂರಿನಲ್ಲಿ ಆಪರೇಷನ್ ಮಾಡಿ ಪ್ಲೇಟು ಹಾಕಿದ್ದಾರೆ. ನೋವಿಲ್ಲವೆಂದು ತಂದೆ ವಾಕರ್ ಬಿಟ್ಟು ಗದ್ದೆಗೆ ಹೊರಡುತ್ತಾರೆ. ಆದರೆ ಮೊನ್ನೆ ಎಕ್ಸ್‌ರೇ ನೋಡಿದ ಡಾಕ್ಟರು ಮೂಳೆ ಇನ್ನೂ ಪೂರ್ತಿ ಕೂಡಿಲ್ಲ ಎಂದರು. ನೆಂಟರು ಪ್ಲೇಟು ತೆಗೆಸಿ ನಾಟಿ ಕಟ್ಟು ಕಟ್ಟಿಸಿ ಎನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ದಯವಿಟ್ಟು ಈಗ ಪ್ಲೇಟು ತೆಗೆಸಬೇಡಿ, ತಂದೆಯವರನ್ನು ವಾಕರ್ ಇಲ್ಲದೆ ನಡೆಯಲೂ ಬಿಡಬೇಡಿ. ತೊಡೆಮೂಳೆ ದೇಹದಲ್ಲೇ ಅತ್ಯಂತ ಉದ್ದದ ಮೂಳೆ. ಅದು ಕೂಡಲು ಸಾಮಾನ್ಯವಾಗಿ 3ರಿಂದ 6 ತಿಂಗಳು, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ ಹಿಡಿಯುವುದರಿಂದ, ಡಾಕ್ಟರ ಮಾತಿಗೆ ನೀವು ಗಾಬರಿಪಡಬೇಕಾಗಿಲ್ಲ.

ಮುರಿದ ತುದಿಗಳು ಅಲುಗದಂತೆ ಪ್ಲೇಟು ಹಿಡಿದಿರುವುದರಿಂದ ನೋವು ಕಡಿಮೆಯಾಗಿದೆಯೇ ಹೊರತು, ನೋವಿಲ್ಲದ ಮಾತ್ರಕ್ಕೆ ಮೂಳೆ ಕೂಡಿದೆ ಎಂದಲ್ಲ. ಮುರಿದ ಜಾಗದಲ್ಲಿ ಮೊದಲು ಹೆಪ್ಪುಗಟ್ಟಿದ ರಕ್ತ ನಿಧಾನವಾಗಿ ಮೆತ್ತನೆಯ ಗಂಟಾಗಿ, ಅದಕ್ಕೆ ಕ್ಯಾಲ್ಸಿಯಂ ಸೇರಿ ಗಟ್ಟಿಯಾಗುತ್ತದೆ. ಎಕ್ಸ್‌ರೇಯಲ್ಲಿ ಮುರಿತದ ಸುತ್ತ ಬಿಳಿ ಮೋಡದಂತೆ ಕಾಣುವುದು ಅದೇ. ಎದುರಿನಿಂದಲೂ ಪಕ್ಕದಿಂದಲೂ ತೆಗೆದ ಎರಡು ಚಿತ್ರಗಳಲ್ಲಿ ಕಾಣುವ ನಾಲ್ಕು ಅಂಚುಗಳ ಪೈಕಿ ಮೂರಾದರೂ ಬೆಸೆದುಕೊಂಡಿರುವುದನ್ನು ನೋಡಿದ ಮೇಲೆಯೇ ನಾವು ಸಾಮಾನ್ಯವಾಗಿ ಮೂಳೆ ಕೂಡಿತೆನ್ನುತ್ತೇವೆ.

ಅಷ್ಟರವರೆಗೆ ಪ್ರತಿ ಹೆಜ್ಜೆಯ ಭಾರವೂ ಪ್ಲೇಟಿನ ಮೇಲೆಯೇ ಬೀಳುತ್ತದೆ. ಬೇಲಿಯ ತಂತಿಯನ್ನು ಒಂದೇ ಕಡೆ ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವುದನ್ನು ನಿಮ್ಮ ತಂದೆ ಎಷ್ಟೋ ಸಲ ಕಂಡಿರುತ್ತಾರೆ. ಮೂಳೆ ಕೂಡುವುದು ತಡವಾದರೆ ಸ್ಟೀಲಿನ ಪ್ಲೇಟಾದರೂ ಟೈಟಾನಿಯಂ ಪ್ಲೇಟಾದರೂ ಹೀಗೆಯೇ ದಣಿದು ಮುರಿಯಬಹುದು. ಆಮೇಲೆ ಮಾಡುವ ಆಪರೇಷನ್ ಮೊದಲಿನದಕ್ಕಿಂತ ಕಷ್ಟದ್ದು. ಇದನ್ನು ಅವರಿಗೆ ಈ ತಂತಿಯ ಮಾತಿನಲ್ಲೇ ಹೇಳಿ, ಅರ್ಥವಾಗುತ್ತದೆ.

ಅವರು ಬೀಡಿ ಸೇದುವವರಾದರೆ ಇಂದೇ ಬಿಡಿಸಿ, ಏಕೆಂದರೆ ಮೂಳೆ ಕೂಡುವುದನ್ನು ಅದರಷ್ಟು ತಡಮಾಡುವ ಅಭ್ಯಾಸ ಮತ್ತೊಂದಿಲ್ಲವೆಂದೇ ನಾನು ಹೇಳುತ್ತೇನೆ. ಸಕ್ಕರೆ ಕಾಯಿಲೆಯಿದ್ದರೆ ಹತೋಟಿಯಲ್ಲಿರಲಿ. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದು ಬೇಡ. ರಾಗಿ ಮುದ್ದೆ, ಸೊಪ್ಪು, ಹುರುಳಿ, ಹಾಲು, ಮೊಟ್ಟೆ ಚೆನ್ನಾಗಿ ಕೊಡಿ.

ನಾಟಿ ಕಟ್ಟಿನವರ ಮೇಲೆ ನನಗೆ ಅನಾದರವಿಲ್ಲ. ಆದರೆ ಕೂಡದ ಮೂಳೆಯಿಂದ ಪ್ಲೇಟು ತೆಗೆದರೆ ಅದು ಮತ್ತೆ ಜರುಗುವುದು ಖಂಡಿತ. ಬಿಗಿ ಕಟ್ಟಿನಿಂದ ರಕ್ತಸಂಚಾರಕ್ಕೂ ಅಡ್ಡಿಯಾಗಬಹುದು. ಕೂಡಿದ ಮೇಲೂ, ತೊಂದರೆ ಕೊಡದ ಪ್ಲೇಟನ್ನು ಈ ವಯಸ್ಸಿನಲ್ಲಿ ಹಾಗೆಯೇ ಬಿಡುವುದು ವಾಡಿಕೆ. ತೆಗೆಯಲೇಬೇಕಾದರೆ ಒಂದೂವರೆ-ಎರಡು ವರ್ಷ ಕಾಯಬೇಕು.

ಜ್ವರ, ಗಾಯದಿಂದ ಕೀವು, ಹಠಾತ್ ನೋವು, ಮೀನಖಂಡದಲ್ಲಿ ಬಾವು ಕಂಡರೆ ಅಂದೇ ಡಾಕ್ಟರಿಗೆ ತೋರಿಸಿ. ಉಸಿರಾಟ ಕಷ್ಟವಾದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮುಂದಿನ ಭೇಟಿಯಲ್ಲಿ ಎಷ್ಟು ಕಿಲೋ ಭಾರ ಹಾಕಬಹುದೆಂದು ಕೇಳಿಕೊಳ್ಳಿ. 20 ಎಂದರೆ, ಮನೆಯಲ್ಲಿ ತೂಕದ ಯಂತ್ರವಿಟ್ಟು, ವಾಕರ್ ಹಿಡಿದು ನಿಂತೇ ಬಲಗಾಲನ್ನು ಅದರ ಮೇಲೆ ನಿಧಾನವಾಗಿ ಊರಿಸಿ, ಮುಳ್ಳು 20ಕ್ಕೆ ಬಂದಾಗ ನಿಲ್ಲಿಸಿ ತೋರಿಸಿ. ನಾಲ್ಕು ದಿನದಲ್ಲಿ ಆ ಅಳತೆ ಕಾಲಿಗೇ ತಿಳಿಯುತ್ತದೆ.