ಅಜ್ಜಿಯ ಪವನು, ಕಂಠೀರಾಯಿ ಹಣ: ಹಳೇ ಚಿನ್ನದ ನಾಣ್ಯಕ್ಕೆ ಬೆಲೆ ಕಟ್ಟೋದು ಹೇಗೆ?

ನೀವು ಕೇಳಿರುವುದು ಇಷ್ಟು. ಅಜ್ಜಿಯ ಪೆಟ್ಟಿಗೆಯಲ್ಲಿ ಎರಡು ಪವನು ಸಿಕ್ಕಿವೆ, ಜೊತೆಗೆ ಕಿರುಬೆರಳ ಉಗುರಿಗಿಂತ ಚಿಕ್ಕದಾದ ಒಂದು ಚಿನ್ನದ ಹಣ (ಹಳೇ ಕಾಲದ ಪುಟ್ಟ ನಾಣ್ಯದ ಹೆಸರೇ ಹಣ). ಪವನುಗಳ ಮೇಲೆ 1918 ಅಂತ ಇದೆ. ಅದರಲ್ಲಿ ಒಂದಕ್ಕೆ ಸರಕ್ಕೆ ಪೋಣಿಸುವ ಕೊಂಡಿ ಬೆಸೆದಿದ್ದಾರೆ. ಚಿಕ್ಕಪೇಟೆಯ ಅಂಗಡಿಯವರು ಮೂರನ್ನೂ ತೂಕಕ್ಕೆ ಹಾಕಿ ಬೆಲೆ ಹೇಳಿದರು. ಆನ್‌ಲೈನ್‌ನಲ್ಲಿ ನೋಡಿದರೆ ಅದೇ 1918ರ ನಾಣ್ಯಕ್ಕೆ ಐದು ಲಕ್ಷ ಅಂತ ಯಾರೋ ಹಾಕಿದ್ದಾರೆ. ಯಾರ ಮಾತು ನಂಬೋದು, ಗ್ರೇಡಿಂಗ್ (ನಾಣ್ಯದ ಸ್ಥಿತಿ ನೋಡಿ ಅಂಕಿ ಕೊಡುವುದು) ಮಾಡಿಸಬೇಕಾ?

ಪವನಿನ ವಿಷಯದಲ್ಲಿ ಅಂಗಡಿಯವರ ಮಾತೇ ನಿಜಕ್ಕೆ ಹತ್ತಿರ. ಹಣದ ವಿಷಯದಲ್ಲಿ ಅವರ ಲೆಕ್ಕ ಪೂರ್ತಿ ತಪ್ಪು. ದಯವಿಟ್ಟು ಅದನ್ನು ತೂಕಕ್ಕೆ ಕೊಡಬೇಡಿ. ನಾನು ಮೈಸೂರು ಸೀಮೆಯ ನಾಣ್ಯಗಳನ್ನು ಕೂಡಿಡುವವನು. ಇಲ್ಲೇ ನಗರ್ತಪೇಟೆ, ಅವೆನ್ಯೂ ರಸ್ತೆಯ ಕಡೆ ಇಂಥ ಹಣಗಳು ಒಡವೆ ಚೂರಿನ ಜೊತೆ ಕರಗಲು ಹೋಗುವುದನ್ನು ನೋಡಿ ಹೊಟ್ಟೆ ಉರಿದುಕೊಂಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಯಾವ ಚಿನ್ನದ ನಾಣ್ಯಕ್ಕಾದರೂ ಬೆಲೆ ಎರಡು ಭಾಗದಲ್ಲಿ ಇರುತ್ತದೆ. ಒಂದು, ಒಳಗಿರುವ ಚಿನ್ನದ ಬೆಲೆ. ಇನ್ನೊಂದು, ಅದು ನಾಣ್ಯವಾಗಿರುವುದಕ್ಕೆ ಸಂಗ್ರಹಕಾರರು ಮೇಲೆ ಕೊಡುವ ದುಡ್ಡು. ಮೊದಲನೆಯದನ್ನು ನೀವೇ ಮನೆಯಲ್ಲಿ ಲೆಕ್ಕ ಹಾಕಬಹುದು. ಪವನು ಅಂದರೆ ಬ್ರಿಟಿಷ್ ಸಾವರಿನ್. ತೂಕ 7.988 ಗ್ರಾಂ, 22 ಕ್ಯಾರೆಟ್. ತಾಮ್ರ ಕಳೆದರೆ ಅಚ್ಚ ಚಿನ್ನ 7.322 ಗ್ರಾಂ. 1817ರಲ್ಲಿ ಶುರುವಾದಾಗಿನ ಅಳತೆಯೇ ಇವತ್ತಿಗೂ ಇದೆ. ಲೆಕ್ಕ ಸುಲಭವಾಗಲಿ ಅಂತ 24 ಕ್ಯಾರೆಟ್ ಚಿನ್ನ ಗ್ರಾಂಗೆ 10,000 ರೂಪಾಯಿ ಅಂದುಕೊಳ್ಳೋಣ. ಒಂದು ಪವನಿನಲ್ಲಿ 73,220 ರೂಪಾಯಿಯ ಚಿನ್ನ ಇದೆ ಅಂತಾಯಿತು. ನೀವು ಅಂಗಡಿಗೆ ಹೋಗುವ ದಿನದ ದರ ಹಾಕಿಕೊಳ್ಳಿ. ಕೆಳಗಿನ ಮಿತಿ ಅದು. ಅಂಗಡಿಯವರು ತಮ್ಮ ಲಾಭಕ್ಕೆ ಸ್ವಲ್ಪ ಹಿಡಿಯುವುದು ಸಹಜ. ಆದರೆ ಹಾಲ್‌ಮಾರ್ಕ್ ಇಲ್ಲ ಅಂತ ಜಾಸ್ತಿ ಕಡಿತ ಮಾಡಿದರೆ ಒಪ್ಪಬೇಡಿ. ನೂರು ವರ್ಷ ಹಿಂದಿನ ನಾಣ್ಯಕ್ಕೆ ಹಾಲ್‌ಮಾರ್ಕ್ ಎಲ್ಲಿಂದ ಬರಬೇಕು? ಎಕ್ಸ್‌ಆರ್‌ಎಫ್ (ಎಕ್ಸ್-ರೇಯಿಂದ ಲೋಹ ಅಳೆಯುವ) ಯಂತ್ರ ಇರುವ ಟಂಚ್ ಅಂಗಡಿಗೆ, ಅಂದರೆ ಚಿನ್ನದ ಶುದ್ಧತೆ ನೋಡುವ ಕಡೆಗೆ, ಹೋಗಿ. ನಾಣ್ಯಕ್ಕೆ ಏನೂ ಆಗದೆ ಎಷ್ಟು ಕ್ಯಾರೆಟ್ ಅಂತ ಗೊತ್ತಾಗುತ್ತದೆ. ಒರೆಗಲ್ಲಿಗೆ ಉಜ್ಜಲು ಮಾತ್ರ ಬಿಡಬೇಡಿ.

ಎರಡನೆಯ ಭಾಗ ಕಷ್ಟದ್ದು. ಹಳೆಯದು ಅಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಯಾವ ಸ್ಥಿತಿಯಲ್ಲಿದೆ, ಈ ಮೂರೇ ಲೆಕ್ಕಕ್ಕೆ ಬರುವುದು. ನಿಮ್ಮ ಪವನಿನಲ್ಲಿ ಕುದುರೆ ಇರುವ ಕಡೆ ನೋಡಿ. ಕುದುರೆ ನಿಂತ ನೆಲದ ಮೇಲೆ, ಇಸವಿಯ ಸ್ವಲ್ಪ ಮೇಲೆ, ಒಂದು ಪುಟ್ಟ ಇಂಗ್ಲಿಷ್ ಅಕ್ಷರ ಇರುತ್ತದೆ. ಎಸ್ ಅಂದರೆ ಸಿಡ್ನಿ, ಎಂ ಮೆಲ್ಬರ್ನ್, ಪಿ ಪರ್ತ್, ಸಿ ಕೆನಡಾದ ಒಟ್ಟಾವ. ಐ ಇದ್ದರೆ ಅದು ನಮ್ಮ ಬಾಂಬೆ ಟಂಕಸಾಲೆಯದು. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ ಮಾತ್ರ, ಅಲ್ಲಿ ಸುಮಾರು 13 ಲಕ್ಷ ಸಾವರಿನ್ ಅಚ್ಚಾದವು. ಒಂದೇ ವರ್ಷ ಅಚ್ಚಾಗಿದ್ದರಿಂದ 'ಅಪರೂಪ' ಅಂತ ಮಾರುವವರು ಹೇಳುತ್ತಾರೆ. ಕರಗಿ ಹೋದವೂ ಕಾಸಿನ ಸರ ಸೇರಿದವೂ ಬೇಕಾದಷ್ಟು ಇರಬಹುದು. ಆದರೂ ನಮ್ಮ ಕಡೆ ಮನೆಮನೆಯಲ್ಲಿ ಇನ್ನೂ ಸಿಗುತ್ತವೆ. ಹಾಗಾಗಿ ಚಿನ್ನದ ಬೆಲೆಯ ಮೇಲೆ ಒಂದಿಷ್ಟು ಸಿಗಬಹುದು, ಅದರ ಹಲವು ಪಟ್ಟು ಸಿಗುವುದಿಲ್ಲ.

ಅಪರೂಪ ಅಂದರೆ ಏನು ಅಂತ ತಿಳಿಯಲು ಒಂದು ವರ್ಷ ಹಿಂದಕ್ಕೆ ಹೋಗಿ. 1917ರ ಸಾವರಿನ್ ಸಿಡ್ನಿ, ಪರ್ತ್‌ನದಾದರೆ ಸಾಮಾನ್ಯ. ಯಾವ ಅಕ್ಷರವೂ ಇಲ್ಲದ, ಲಂಡನ್ನಿನ 1917 ಆದರೆ ಸಿಗುವುದೇ ಕಷ್ಟ, ಅದಕ್ಕೇ ಅದರ ನಕಲಿಗಳೂ ಜಾಸ್ತಿ. ಎಂಟನೇ ಎಡ್ವರ್ಡ್ ಹೆಸರಿನ 1937ರ ಸಾವರಿನ್ ಒಂದು 2020ರಲ್ಲಿ ಹತ್ತು ಲಕ್ಷ ಪೌಂಡಿಗೆ ಮಾರಾಟವಾಯಿತು. ಅದರೊಳಗೂ ಇದ್ದದ್ದು ನಿಮ್ಮ ಪವನಿನಷ್ಟೇ ಚಿನ್ನ.

ಇನ್ನೊಂದು ಮಾತು. ನಿಮ್ಮ ಎರಡರಲ್ಲೂ ಕುದುರೆ ಇದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಅದೇ 1918ರಲ್ಲಿ, ಅದೇ ಬಾಂಬೆಯಲ್ಲಿ, ಅದೇ ತೂಕಕ್ಕೆ 15 ರೂಪಾಯಿಯ ಚಿನ್ನದ ನಾಣ್ಯವೂ ಅಚ್ಚಾಗಿತ್ತು. ಅದರಲ್ಲೂ ಐದನೇ ಜಾರ್ಜ್ ದೊರೆಯ ತಲೆ ಇದೆ. ಆದರೆ ಅವರು ಕಿರೀಟ ಇಟ್ಟಿದ್ದಾರೆ, ಹಿಂದೆ ಕುದುರೆ ಇಲ್ಲ. ಮನೆಯವರು ಎರಡನ್ನೂ ಪವನು ಅಂತಲೇ ಕರೆದಿರುತ್ತಾರೆ. ನಮ್ಮ ದೇಶದ ಸಂಗ್ರಹಕಾರರಿಗೆ ಈ 15 ರೂಪಾಯಿಯದು ತುಂಬಾ ಬೇಕಾದದ್ದು, ಸಾಮಾನ್ಯ ಪವನಿಗಿಂತ ಚೆನ್ನಾಗಿಯೇ ಬೆಲೆ ಬರುತ್ತದೆ.

ಈಗ ಗ್ರೇಡಿಂಗ್. 1ರಿಂದ 70ರವರೆಗಿನ ಅಂಕಿ ಕೇಳಿರುತ್ತೀರಿ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬ ಅಮೆರಿಕದವರು ತಮ್ಮ ದೇಶದ ಹಳೇ ತಾಮ್ರದ ಸೆಂಟ್‌ಗಳಿಗಾಗಿ ಇದನ್ನು ಮಾಡಿದರು. ಆಗ ಅದು ಬೆಲೆಯ ಲೆಕ್ಕವೇ ಆಗಿತ್ತು. ಪೂರ್ತಿ ಸವೆದ ನಾಣ್ಯ ಒಂದು ಡಾಲರ್ ಆದರೆ, ಅದರದೇ ಅತ್ಯುತ್ತಮ ಪ್ರತಿ ಎಪ್ಪತ್ತು ಡಾಲರ್ ಅಂತ. ಆ ಬೆಲೆಯ ಲೆಕ್ಕ ಬೇಗನೆ ಮುರಿದುಬಿತ್ತು. ಅಂಕಿ ಮಾತ್ರ ಉಳಿಯಿತು. 1986ರಲ್ಲಿ ಕೆಲಸ ಶುರುಮಾಡಿದ ಪಿಸಿಜಿಎಸ್, 1987ರಲ್ಲಿ ಬಂದ ಎನ್‌ಜಿಸಿ, ಈ ಎರಡು ಅಮೆರಿಕದ ಗ್ರೇಡಿಂಗ್ ಸಂಸ್ಥೆಗಳೂ ಇದೇ ಅಂಕಿಯನ್ನು ಬಳಸುತ್ತವೆ. 60ಕ್ಕಿಂತ ಕೆಳಗಿನವು ಚಲಾವಣೆಯಲ್ಲಿ ಸವೆದ ನಾಣ್ಯಗಳು. 60ರಿಂದ 70 ಅಂದರೆ ಸವೆತವೇ ಇಲ್ಲದವು, ಅವುಗಳ ಮುಂದೆ ಎಂಎಸ್ ಅಂತ ಬರೆಯುತ್ತಾರೆ. ಅವುಗಳಲ್ಲಿ ನೋಡುವುದು ಹೊಳಪು ಎಷ್ಟು ಉಳಿದಿದೆ, ಟಂಕಸಾಲೆಯ ಚೀಲದಲ್ಲಿ ಒಂದಕ್ಕೊಂದು ತಗುಲಿ ಎಷ್ಟು ಗೀರು ಬಿದ್ದಿದೆ ಅನ್ನುವುದನ್ನು.

ನೀವೇ ಸುಮಾರಾಗಿ ಅಂದಾಜು ಮಾಡಬಹುದು. ಕೋಣೆಯ ಬೇರೆ ದೀಪ ಆರಿಸಿ, ಒಂದೇ ಟೇಬಲ್ ದೀಪದ ಕೆಳಗೆ ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನಕ್ಕೆ ಓರೆ ಮಾಡಿ. ಹೊಸದಾಗಿ ಅಚ್ಚಾದಾಗಿನ ಹೊಳಪು ಉಳಿದಿದ್ದರೆ ಬೆಳಕಿನ ಗೆರೆಗಳು ಬಂಡಿಚಕ್ರದ ಕಡ್ಡಿಗಳಂತೆ ಸುತ್ತುತ್ತವೆ. ಆಮೇಲೆ ಭೂತಗನ್ನಡಿಯಲ್ಲಿ ಎತ್ತರದ ಜಾಗಗಳನ್ನು ನೋಡಿ. ಜಾರ್ಜ್ ದೊರೆಯ ಮೀಸೆ, ಗಡ್ಡ, ಕಿವಿಯ ಮೇಲಿನ ಕೂದಲು ಎಳೆಎಳೆಯಾಗಿ ಕಾಣುತ್ತವಾ? ಸವೆತ ಮೊದಲು ಬರುವುದು ಅಲ್ಲೇ. ಕುದುರೆ ಕಡೆ ಸವಾರನ ತೊಡೆ, ಶಿರಸ್ತ್ರಾಣ ನೋಡಿ.

ಪವನಿನ ಬೆಲೆಗೆ ಈ ಅಂಕಿ ಎಷ್ಟು ಮುಖ್ಯ? ಸಾಮಾನ್ಯ ಇಸವಿಯದಕ್ಕೆ ಬಹುಮಟ್ಟಿಗೆ ಏನೂ ಇಲ್ಲ. ಸ್ವಲ್ಪ ಸವೆದದ್ದಕ್ಕೂ ಇನ್ನೂ ಸ್ವಲ್ಪ ಕಡಿಮೆ ಸವೆದದ್ದಕ್ಕೂ ಒಂದೇ ಬೆಲೆ, ಯಾಕೆಂದರೆ ಇಬ್ಬರು ಕೊಳ್ಳುವವರೂ ಒಳಗಿನ ಚಿನ್ನಕ್ಕೇ ಕೊಡುತ್ತಿರುತ್ತಾರೆ. 64, 65 ದಾಟಿದ ಮೇಲೆ ಬೆಲೆ ಒಮ್ಮೆಗೇ ಏರುತ್ತದೆ, ಅಂಥವು ಕಡಿಮೆ. ಸಂದೂಕದಲ್ಲಿ ಬಟ್ಟೆ ಸುತ್ತಿಟ್ಟ ಪವನು ಆ ಮಟ್ಟಕ್ಕೆ ಬರುವುದು ಅಪರೂಪ.

ಕೊಂಡಿ ಬೆಸೆದ ಪವನಿಗೆ ಅಂಕಿಯೇ ಸಿಗುವುದಿಲ್ಲ. ಒಡವೆಗೆ ಬಳಸಿದ್ದು, ಪಾಲಿಶ್ ಮಾಡಿದ್ದು, ಗೀರಿದ್ದು, ಎಲ್ಲಕ್ಕೂ 'ಡಿಟೇಲ್ಸ್' ಅಂತ ಬರೆದು ದೋಷದ ಹೆಸರು ಹಾಕುತ್ತಾರೆ. ಅದನ್ನು ಚಿನ್ನದ ಬೆಲೆಗೇ ಲೆಕ್ಕ ಹಾಕಿ. ಕೊಂಡಿ ತೆಗೆಸಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ, ಬೆಸುಗೆಯ ಗುರುತು ಅಂಚಿನ ಗೆರೆಗಳಲ್ಲಿ ಉಳಿದೇ ಉಳಿಯುತ್ತದೆ. ಹಾಗೇ ಇಟ್ಟುಕೊಂಡು ಮನೆಯವರು ಧರಿಸುವುದಾದರೆ ನನಗೆ ಅದೇ ಚೆಂದ ಅನ್ನಿಸುತ್ತದೆ.

ಕೊಂಡಿಯಿಲ್ಲದ ಇನ್ನೊಂದು ಪವನನ್ನು ತೊಳೆಯಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಹುಣಸೆಹಣ್ಣು, ಅಂಟುವಾಳ, ಟೂತ್‌ಪೇಸ್ಟ್, ಒಡವೆ ಅಂಗಡಿಯ ಪಾಲಿಶ್, ಯಾವುದೂ ಬೇಡ. ಕಣ್ಣಿಗೆ ಫಳಫಳ ಕಾಣಬಹುದು, ಭೂತಗನ್ನಡಿಯಲ್ಲಿ ಒಂದೇ ದಿಕ್ಕಿಗೆ ಎಳೆದ ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ಆ ಸುತ್ತುವ ಹೊಳಪು ಒಮ್ಮೆ ಹೋದರೆ ವಾಪಸ್ ಬರುವುದಿಲ್ಲ.

ಗ್ರೇಡಿಂಗಿಗೆ ಕಳಿಸಬೇಕಾ ಅನ್ನುವುದಕ್ಕೆ ನನ್ನ ಉತ್ತರ ಬೇಡ ಅಂತ. ಖರ್ಚಿನ ಕಾರಣ ಒಂದು: ಮೇಲೆ ಸಿಗುವ ಒಂದಿಷ್ಟು ಕಾಸು ಶುಲ್ಕ, ವಿಮೆ, ಸಾಗಣೆಗೇ ಹೋಗುತ್ತದೆ. ಕಾನೂನಿನ ಕಾರಣ ಅದಕ್ಕಿಂತ ದೊಡ್ಡದು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. 1918ರ ಪವನಿಗೆ ನೂರು ದಾಟಿದೆ. ಹಣ ಇನ್ನೂ ಹಳೆಯದು. 'ನಾಣ್ಯ ಕೊಡಿ, ಅಮೆರಿಕಕ್ಕೆ ಕಳಿಸಿ ಗ್ರೇಡ್ ಮಾಡಿಸಿಕೊಡುತ್ತೇವೆ' ಅಂತ ಯಾರಾದರೂ ಅಂದರೆ, 'ವಿದೇಶದಲ್ಲಿ ಕೊಳ್ಳುವವರಿದ್ದಾರೆ' ಅಂದರೆ, ಅಲ್ಲಿಗೇ ಮಾತು ಮುಗಿಸಿ.

ಈಗ ಆ ಪುಟ್ಟ ಹಣಕ್ಕೆ ಬರುತ್ತೇನೆ, ನನಗೆ ಇಷ್ಟವಾದ ಜಾಗ ಇದೇ. ನೀವು ಬರೆದ ವಿವರ ನೋಡಿದರೆ, ಒಂದು ಕಡೆ ಕುಳಿತ ನರಸಿಂಹ, ಇನ್ನೊಂದು ಕಡೆ ನಾಗರಿ ಲಿಪಿಯಲ್ಲಿ ಮೂರು ಸಾಲು ಅಂದರೆ, ಅದು ಕಂಠೀರಾಯಿ ಹಣ. 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಿಂದ ಆಳಿದ ಕಂಠೀರವ ನರಸರಾಜ ಒಡೆಯರು ಶುರುಮಾಡಿದ್ದು. ಅಲ್ಲಿನ ನರಸಿಂಹಸ್ವಾಮಿ ದೇವಸ್ಥಾನ ಕಟ್ಟಿಸಿದವರೂ ಅವರೇ. ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಹ ಅಂತ ಲೆಕ್ಕ ಇಡುತ್ತಿದ್ದರು. ಮುಂದೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಇದೇ ಹಣವನ್ನು ಮತ್ತೆ ಅಚ್ಚು ಹಾಕಿಸಿದರು. ಇದರಲ್ಲಿ ಎರಡು ಬಗೆ. ಒಂದು ದಪ್ಪ, ಗಿಡ್ಡ. ಅದಕ್ಕೆ ಗಿಡ್ಡ ಕಂಠೀರಾಯಿ ಹಣ ಅಂತ ಹೆಸರು. ಇನ್ನೊಂದು ತೆಳು, ಅಗಲ; ಅದು ಅಗಲ ಕಂಠೀರಾಯಿ ಹಣ. ನಿಮ್ಮದು ಯಾವುದು ಅಂತ ಪಕ್ಕದಿಂದ ನೋಡಿದರೇ ಅಂದಾಜಾಗುತ್ತದೆ.

ಇದರ ತೂಕ ಅರ್ಧ ಗ್ರಾಂ ಕೂಡ ಇಲ್ಲ. ತೂಕಕ್ಕೆ ಹಾಕಿದರೆ ಕೈಗೆ ಬರುವುದು ಅಷ್ಟಕ್ಕಷ್ಟೆ. ಸಂಗ್ರಹಕಾರ ಕೊಡುವುದು ಅದಕ್ಕಿಂತ ಬೇರೆಯೇ ಲೆಕ್ಕ. ಲಕ್ಷಗಳ ಕನಸು ಬೇಡ, ಈ ಜಾತಿಯ ಹಣ ಸಾಕಷ್ಟು ಉಳಿದಿವೆ. ಆದರೆ ಚಿನ್ನದ ಬೆಲೆಗೆ ಕೊಟ್ಟರೆ ನಿಮಗೆ ಖಂಡಿತ ನಷ್ಟ. ಇಲ್ಲಿ 70ರ ಅಂಕಿಯನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. ಕೈಯಿಂದ ಹೊಡೆದ ನಾಣ್ಯ ಇದು. ಅಚ್ಚು ದೊಡ್ಡದು, ಚಿನ್ನದ ಬಿಲ್ಲೆ ಚಿಕ್ಕದು. ಹಾಗಾಗಿ ಅರ್ಧ ಚಿತ್ರ ಹೊರಗೇ ಬಿದ್ದಿರುತ್ತದೆ. ಒಂದಿಷ್ಟೂ ಸವೆಯದ ಹಣದಲ್ಲಿ ನರಸಿಂಹನ ಮುಖವೇ ಇಲ್ಲದಿರಬಹುದು, ಸ್ವಲ್ಪ ಸವೆದದ್ದರಲ್ಲಿ ಇಡೀ ಮೂರ್ತಿ ನಡುವೆ ಕೂತಿರಬಹುದು. ನಾನು ಎರಡನೆಯದಕ್ಕೇ ಜಾಸ್ತಿ ಕೊಡುತ್ತೇನೆ, ಈ ನಾಣ್ಯ ಬಲ್ಲವರು ಬಹುತೇಕ ಹಾಗೇ ಮಾಡುತ್ತಾರೆ. ವಿಜಯನಗರದ ವರಹಗಳಿಗೂ ಇದೇ ಮಾತು.

ಆ ಐದು ಲಕ್ಷದ ಬಗ್ಗೆ. ಅದು ಮಾರುವವರು ಕೇಳಿದ ಬೆಲೆ, ಯಾರೂ ಕೊಟ್ಟ ಬೆಲೆಯಲ್ಲ. ಹರಾಜು ಸಂಸ್ಥೆಗಳು ಮುಗಿದ ಹರಾಜಿನ ಬೆಲೆಗಳನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತವೆ, ಅಲ್ಲಿ ನೋಡಿ. ಆ ಬೆಲೆಯ ಮೇಲೆ ಕೊಳ್ಳುವವರು ಸಂಸ್ಥೆಯ ಕಮಿಷನ್, ಜಿಎಸ್‌ಟಿ ಕೊಟ್ಟಿರುತ್ತಾರೆ. ಮಾರುವವರ ಕಡೆಯಿಂದಲೂ ಕಮಿಷನ್ ಹಿಡಿಯುತ್ತಾರೆ. ನಿಮ್ಮ ಕೈಗೆ ಬರುವುದು ಅದನ್ನು ಕಳೆದು ಉಳಿದದ್ದು. 'ಮೊದಲು ನೋಂದಣಿ ಶುಲ್ಕ ಕಟ್ಟಿ, ಆಮೇಲೆ ಲಕ್ಷ ಕೊಡುತ್ತೇವೆ' ಅನ್ನುವವರು ಮೋಸಗಾರರು. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಯೂ ಹೀಗೆ ಮಾಡುತ್ತಿದ್ದರಿಂದ, 2021ರ ಆಗಸ್ಟ್‌ನಲ್ಲಿ ಬ್ಯಾಂಕೇ ಎಚ್ಚರಿಕೆ ಕೊಟ್ಟಿತ್ತು.

ಮಾರುವ ಮುಂಚೆ ಪವನು ಅಸಲಿಯೇ ಅಂತಲೂ ನೋಡಿ. ಅಡ್ಡಳತೆ 22.05 ಮಿಲಿಮೀಟರ್ ಇರಬೇಕು. 7.94 ಗ್ರಾಂಗಿಂತ ಕಡಿಮೆ ತೂಗಿದರೆ ಅನುಮಾನ ಪಡಿ, ಬ್ರಿಟನ್ನಿನಲ್ಲಿ ಚಲಾವಣೆಗೆ ಒಪ್ಪುತ್ತಿದ್ದ ಕನಿಷ್ಠ ತೂಕ ಅದು. ತೂಕ, ಟಂಚ್ ಎರಡೂ ಸರಿಯಿದ್ದೂ ನಕಲಿ ಇರಬಹುದು. 1950, 60ರ ದಶಕದಲ್ಲಿ ಲೆಬನಾನಿನ ಬೇರೂತ್ ಕಡೆ ಒಳ್ಳೇ ಚಿನ್ನದಲ್ಲೇ ನಕಲಿ ಸಾವರಿನ್ ಮಾಡುತ್ತಿದ್ದರು. ಅಕ್ಷರಗಳ ಅಂಚು ಮೊಂಡಾಗಿದ್ದರೆ, ಬಯಲು ಜಾಗದಲ್ಲಿ ಸಣ್ಣ ಗುಳಿ, ಉಬ್ಬು ಇದ್ದರೆ ಅಂಥದ್ದಿರಬಹುದು. ಆಗಲೂ ಒಳಗಿನ ಚಿನ್ನದ ಬೆಲೆ ಎಲ್ಲಿಗೂ ಹೋಗುವುದಿಲ್ಲ.

ಬೆಂಗಳೂರಿನಲ್ಲೇ ಇದ್ದೀರಿ, ಅದು ಅನುಕೂಲ. ಕೆ.ಜಿ. ರಸ್ತೆಯ ಶಿಕ್ಷಕರ ಸದನದಲ್ಲಿ ನಾಣ್ಯ ಪ್ರದರ್ಶನ ನಡೆದಾಗ ಹೋಗಿ. ಒಂದೇ ಸೂರಿನಡಿ ಹಲವು ವ್ಯಾಪಾರಿಗಳು, ನನ್ನಂಥ ಸಂಗ್ರಹಕಾರರು ಸಿಗುತ್ತಾರೆ. ಹಣವನ್ನು ಮೂರು ನಾಲ್ಕು ಜನಕ್ಕೆ ತೋರಿಸಿ, ಬೆಲೆ ಕೇಳಿ, ಅವತ್ತೇ ಕೊಡಬೇಡಿ. ಪವನುಗಳನ್ನೂ ಹಣವನ್ನೂ ಒಟ್ಟಿಗೆ ಸೇರಿಸಿ ಬೆಲೆ ಕೇಳುವುದು ಬೇಡ, ಒಟ್ಟು ಮೊತ್ತದಲ್ಲಿ ಆ ಪುಟ್ಟ ಹಣದ ಬೆಲೆ ಮುಚ್ಚಿಹೋಗುತ್ತದೆ. ತೋರಿಸುವಾಗ ಟೇಬಲ್ ಮೇಲೆ ಬಟ್ಟೆ ಹಾಸಿ, ಅಂಚಿನಲ್ಲಿ ಮಾತ್ರ ಹಿಡಿಯಲು ಹೇಳಿ. ಇಲ್ಲಿ ಫೋಟೊ ಹಾಕುವುದಾದರೆ ಹಣದ ಎರಡೂ ಮುಖ, ಪಕ್ಕದ ದಪ್ಪ, ಮಿಲಿಗ್ರಾಂ ತೋರಿಸುವ ತಕ್ಕಡಿಯ ತೂಕ ಹಾಕಿ. ಗಿಡ್ಡದೋ ಅಗಲದೋ ನೋಡಿ ಹೇಳುತ್ತೇನೆ.